ಗ್ಲೌಸ್ ಬಿಚ್ಚಿದ ಮೇಲೆ: ಬಾಕ್ಸಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಒಂದು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ‘ರಿಂಗಲ್ಲಿ ಕುಣಿಯೋದೆಲ್ಲ ಬೀದೀಲಿ ನಡೆಯಲ್ಲ ಕಣೋ’ ಅಂತ ಗೆಳೆಯರು ಕಿಚಾಯಿಸುತ್ತಾರೆ. ಅವರು ಹೇಳೋದು ನಿಜವಾ ಸರ್?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಅರ್ಧ ನಿಜ. ಏನೂ ಕಲಿಯದವನಿಗಿಂತ ನಿಮ್ಮ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಬೇಗ ತಲುಪುತ್ತದೆ, ಗುದ್ದು ಬರುವಾಗ ನೀವು ಕಣ್ಣು ಮುಚ್ಚುವುದಿಲ್ಲ, ಅರ್ಧ ನಿಮಿಷಕ್ಕೇ ಏದುಸಿರು ಬರುವುದಿಲ್ಲ. ಇಷ್ಟು ಲಾಭ ಎಲ್ಲಿ ನಿಂತರೂ ಇದೆ. ಆದರೆ ನೀವು ಕಲಿತದ್ದರಲ್ಲಿ ಬಹಳಷ್ಟು ರಿಂಗಿನ ಏರ್ಪಾಡನ್ನೇ ನಂಬಿಕೊಂಡಿರುತ್ತದೆ.

ಮೊದಲು ಗಾರ್ಡ್ ನೋಡಿ. ಎರಡೂ ಕೈ ಕೆನ್ನೆಗೆ ಒತ್ತಿ ನಿಂತರೆ 10 ಔನ್ಸಿನ ಗ್ಲೌಸು ಮುಖದ ಮುಕ್ಕಾಲು ಭಾಗ ಮುಚ್ಚುತ್ತದೆ. ಬರಿಗೈಯಲ್ಲಿ ಹಾಗೇ ನಿಂತು ಕನ್ನಡಿ ನೋಡಿಕೊಳ್ಳಿ: ಎರಡು ಮುಷ್ಟಿಯ ನಡುವೆ ಇನ್ನೊಂದು ಮುಷ್ಟಿ ಸಲೀಸಾಗಿ ತೂರುತ್ತದೆ. ಇನ್ನು ಬಗ್ಗಿ ತಪ್ಪಿಸಿಕೊಳ್ಳುವುದು. ರಿಂಗಿನಲ್ಲಿ ಮೊಣಕಾಲು ಎತ್ತುವಂತಿಲ್ಲ, ಕುತ್ತಿಗೆ ಹಿಂಭಾಗಕ್ಕೆ ಹೊಡೆಯುವಂತಿಲ್ಲ. ಅದಕ್ಕೇ ಧೈರ್ಯವಾಗಿ ತಲೆ ತಗ್ಗಿಸುತ್ತೀರಿ. ಹೊರಗೆ ತಗ್ಗಿಸಿದ ತಲೆಗೆ ಮೊಣಕಾಲೇ ಎದುರಾಗಬಹುದು. ಕ್ಲಿಂಚ್‌ನಲ್ಲಿ ತಬ್ಬಿಕೊಂಡರೆ ರೆಫರಿ ‘ಬ್ರೇಕ್’ ಎಂದು ಬಿಡಿಸುತ್ತಾನೆ. ಬೀದಿಯಲ್ಲಿ ತಬ್ಬಿಕೊಂಡವರು ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಅಲ್ಲಿಂದಾಚೆ ಗರಡಿಯಲ್ಲಿ ಪಳಗಿದವನ ಆಟ, ಬಾಕ್ಸರ್‌ದಲ್ಲ. ಫುಟ್‌ವರ್ಕ್ ಅಂತೂ ಹವಾಯಿ ಚಪ್ಪಲಿ ಹಾಕಿಕೊಂಡು, ಜಲ್ಲಿ ಚೆಲ್ಲಿದ ರಸ್ತೆಬದಿಯಲ್ಲಿ ನಡೆಯುವ ಮಾತೇ ಅಲ್ಲ. ಎದುರಾಳಿಯ ತೂಕ, ಅವನ ಜೊತೆ ಎಷ್ಟು ಜನ, ಕೈಯಲ್ಲಿ ಬೈಕಿನ ಕೀಲಿಯೋ ಬಾಟಲಿಯೋ ಏನಿದೆ ಎಂಬುದನ್ನು ಯಾರೂ ಮೊದಲೇ ತಪಾಸಣೆ ಮಾಡಿರುವುದಿಲ್ಲ.

ನಿಜವಾದ ಅಪಾಯ ನೆಲದಲ್ಲಿದೆ. ರಿಂಗಿನ ಕ್ಯಾನ್ವಾಸಿನಡಿ ಮೆತ್ತನೆಯ ಪದರ ಇರುತ್ತದೆ. ಬಿದ್ದರೆ ಎದುರಾಳಿಯನ್ನು ಮೂಲೆಗೆ ಕಳಿಸಿ ಎಣಿಸುತ್ತಾರೆ, ಪಕ್ಕದಲ್ಲೇ ಡಾಕ್ಟರ್ ಕೂತಿರುತ್ತಾರೆ. ನಿಮ್ಮೂರಿನ ಬಿ.ಎಚ್. ರಸ್ತೆಯ ಚರಂಡಿ ಚಪ್ಪಡಿಗೆ ಆ ಯಾವ ದಾಕ್ಷಿಣ್ಯವೂ ಇಲ್ಲ. ಒಂದೇ ಗುದ್ದಿಗೆ ಸತ್ತ ಎಂದು ಪೇಪರಿನಲ್ಲಿ ಬರುವ ಪ್ರಕರಣಗಳಲ್ಲಿ ಎಷ್ಟೋ ಸಲ ಕೊಂದದ್ದು ಗುದ್ದಲ್ಲ, ಪ್ರಜ್ಞೆ ತಪ್ಪಿ ಕೈ ಊರದೆ ಬಿದ್ದಾಗ ತಲೆಯ ಹಿಂಭಾಗಕ್ಕೆ ತಗುಲಿದ ಪೆಟ್ಟು. ಬಿದ್ದವನು ಎದ್ದು ಮಾತಾಡಿದ ಎಂದು ಮನೆಗೆ ಕಳಿಸಬೇಡಿ. ತಲೆಬುರುಡೆಯೊಳಗೆ ರಕ್ತ ಸೋರುತ್ತಿದ್ದರೆ ಕೆಲವು ಗಂಟೆ ಚೆನ್ನಾಗಿದ್ದು ಆಮೇಲೆ ಕುಸಿಯುವುದುಂಟು. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಂಪರು, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗ ಯಾರ ಜೊತೆಗೋ ಹೊಡೆದಾಡಿಕೊಂಡು ಬಂದಿದ್ದಾನೆ. ಕಿರುಬೆರಳಿನ ಗೆಣ್ಣು ಊದಿದೆ, ಪಕ್ಕದ ಗೆಣ್ಣಿನ ಮೇಲೆ ಚಿಕ್ಕ ಗಾಯ. ಅರಿಶಿನ ಹಚ್ಚಿದ್ದೇನೆ, ಸಾಕಾ?
– ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಸಾಲದಮ್ಮ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಊತಕ್ಕಿಂತ ಆ ಚಿಕ್ಕ ಗಾಯದ್ದೇ ಹೆಚ್ಚು ಚಿಂತೆ. ಅದು ಎದುರಿನವನ ಹಲ್ಲು ತಾಗಿ ಆಗಿದ್ದರೆ ಬಾಯಿಯ ಬ್ಯಾಕ್ಟೀರಿಯಾ ನೇರ ಗೆಣ್ಣಿನ ಕೀಲಿಗೇ ಹೊಕ್ಕಿರಬಹುದು. ಮುಷ್ಟಿ ಬಿಚ್ಚಿದೊಡನೆ ಸ್ನಾಯುರಜ್ಜು ಹಿಂದಕ್ಕೆ ಸರಿದು ಗಾಯದ ಬಾಯಿ ಮುಚ್ಚಿಕೊಳ್ಳುವುದರಿಂದ ಮೇಲ್ನೋಟಕ್ಕೆ ಗೀರಿನ ಹಾಗೆ ಕಾಣುತ್ತದೆ. ಒಳಗೆ ಕೀವು ತುಂಬಿದರೆ ಬೆರಳು ಮಡಚಲು ಬಾರದಂತಾಗಬಹುದು. ನಾಚಿಕೊಂಡು ‘ಬಾಗಿಲಿಗೆ ಸಿಕ್ಕಿಸಿಕೊಂಡೆ’ ಅಂದರೆ ಡಾಕ್ಟರ್ ಹೊಲಿಗೆ ಹಾಕಿಬಿಡಬಹುದು. ಇಂಥ ಗಾಯವನ್ನು ಸಾಮಾನ್ಯವಾಗಿ ತೊಳೆದು ಹೊಲಿಯದೆ ಬಿಡುತ್ತಾರೆ, ಆ್ಯಂಟಿಬಯೋಟಿಕ್ ಕೊಡುತ್ತಾರೆ. ಹಲ್ಲು ತಾಗಿತು ಅಂತ ಬಾಯಿಬಿಟ್ಟು ಹೇಳಲಿ. ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಊತಕ್ಕೆ ಎಕ್ಸ್‌ರೇ ತೆಗೆಸಿ. ಕಿರುಬೆರಳಿನ ಗೆಣ್ಣಿನ ಹಿಂದಿನ ಅಂಗೈ ಮೂಳೆಯ ಕತ್ತು ಮುರಿದಿರುವ ಸಂಭವ ಜಾಸ್ತಿ. ಮುಷ್ಟಿ ಕಟ್ಟಿದಾಗ ಆ ಗೆಣ್ಣು ಒಳಕ್ಕೆ ಕುಸಿದಂತೆ ಕಂಡರೆ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿದರೆ ಬಹುತೇಕ ಅದೇ. ಇದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂಬ ಹೆಸರೇನೋ ಇದೆ, ಆದರೆ ಪಳಗಿದ ಬಾಕ್ಸರ್‌ಗಳಿಗೆ ಇದು ಆಗುವುದು ಕಡಿಮೆ. ಅವರು ತೋರುಬೆರಳು, ನಡುಬೆರಳಿನ ಗೆಣ್ಣಿನಿಂದ, ಮಣಿಕಟ್ಟು ನೇರ ಇಟ್ಟು ಹೊಡೆಯುತ್ತಾರೆ. ಕೋಪದಲ್ಲಿ ಕೈ ಬೀಸುವವರಿಗೆ ಕಿರುಬೆರಳೇ ಮೊದಲು ತಗಲುವುದು, ಅದೂ ಹಣೆಗೋ ದವಡೆಯ ಮೂಳೆಗೋ.

ಪ್ರಶ್ನೆ: ಎಪಿಎಂಸಿಯಲ್ಲಿ ಮಂಡಿ ಇಟ್ಟಿದ್ದೇನೆ. ಕುಡಿದು ಬಂದು ಕಾಲರ್ ಹಿಡಿಯುವವರಿದ್ದಾರೆ. ಒಂದೆರಡು ಪಟ್ಟು ಹೇಳಿಕೊಡಿ.
– ವ್ಯಾಪಾರಿ, ಕೋಲಾರ

ಉತ್ತರ: ಗುದ್ದುವ ಪಟ್ಟಿಗಿಂತ ನಿಲ್ಲುವ ಪಟ್ಟು ನಿಮಗೆ ಹೆಚ್ಚು ಉಪಯೋಗ. ಎರಡು ಕೈಯಳತೆ ದೂರದಲ್ಲಿ, ಒಂದು ಕಾಲು ಹಿಂದಿಟ್ಟು, ಅಂಗೈ ಬಿಚ್ಚಿ ಎದೆಯ ಮಟ್ಟಕ್ಕೆ ಎತ್ತಿ ‘ಅಣ್ಣ, ಬೇಡ ಬಿಡಿ’ ಎನ್ನಿ. ಕೈ ಆಗಲೇ ಮೇಲಿರುತ್ತದೆ, ಗುದ್ದು ಬಂದರೆ ತಡೆಯಬಹುದು. ಮುಷ್ಟಿ ಕಟ್ಟಿದರೆ ಸಿಸಿಟಿವಿಯಲ್ಲಿ ಜಗಳ ತೆಗೆದವರು ನೀವೇ ಎಂದು ಕಾಣುತ್ತೀರಿ.

ಕಾಲರ್ ಹಿಡಿದೇಬಿಟ್ಟರೆ ಹಿಂದಕ್ಕೆ ಜಗ್ಗಬೇಡಿ, ಅಂಗಿ ಹರಿಯುತ್ತದೆ, ಆಯ ತಪ್ಪುತ್ತದೆ. ಹೆಚ್ಚಿನವರು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೊಡೆಯುತ್ತಾರೆ. ಗದ್ದ ಎದೆಗೆ ಒತ್ತಿ, ಹಿಡಿದ ಕೈಯ ಮಣಿಕಟ್ಟನ್ನು ಅದುಮಿ, ನಿಮ್ಮ ಬಲಕ್ಕೆ, ಅಂದರೆ ಅವನ ಎಡಭುಜದ ಹೊರಗಡೆಗೆ ಒಂದು ಹೆಜ್ಜೆ ಹಾಕಿ. ಅವನ ಬಲಗೈಗೆ ನೀವು ಎಟುಕುವುದಿಲ್ಲ. ಅಲ್ಲಿಂದ ಬಿಡಿಸಿಕೊಂಡು ಜನ ಇರುವ ಕಡೆ ಹೋಗಿ 112ಕ್ಕೆ ಕರೆ ಮಾಡಿ. ಹೊಡೆಯಲೇಬೇಕಾದರೆ ಮುಷ್ಟಿ ಬೇಡ, ಅಂಗೈಯ ಬುಡದಿಂದ ತಳ್ಳಿ; ಬೆರಳಿನ ಮೂಳೆ ಉಳಿಯುತ್ತದೆ.

ಕಾನೂನೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಮಿನಿಂದ ಮುಂದಕ್ಕೆ ಆತ್ಮರಕ್ಷಣೆಯ ಹಕ್ಕಿನ ವಿಚಾರ ಇದೆ, ಆದರೆ ಅದು ರಕ್ಷಣೆಗೆ ಬೇಕಾದಷ್ಟಕ್ಕೆ ಮಾತ್ರ. ಬಿದ್ದವನಿಗೆ ಮತ್ತೆರಡು ಬಿಟ್ಟರೆ ಹಕ್ಕು ಅಲ್ಲಿಗೆ ಮುಗಿಯಿತು. 116ನೇ ಕಲಮಿನಲ್ಲಿ ಹಲ್ಲು ಮುರಿದರೂ ತೀವ್ರ ಗಾಯವೇ. ಬೇಕೆಂದೇ ಮಾಡಿದ್ದಾದರೆ 7 ವರ್ಷದವರೆಗೆ ಶಿಕ್ಷೆ. ‘ಬಾರೋ ನೋಡ್ಕೋತೀನಿ’ ಎಂದು ಇಬ್ಬರೂ ಬೀದಿಗಿಳಿದರೆ ಆತ್ಮರಕ್ಷಣೆ ಎಂಬ ವಾದ ನಿಲ್ಲುವುದೇ ಕಷ್ಟ.

ಪ್ರಶ್ನೆ: ಮರಳಿನ ಮೂಟೆ ತೂಗುಹಾಕಿ ಬರಿಗೈಯಲ್ಲಿ ದಿನಾ ಗುದ್ದಿದರೆ ಕೈ ಗಟ್ಟಿಯಾಗುತ್ತಾ?
– ಓದುಗ, ಗೌರಿಬಿದನೂರು

ಉತ್ತರ: ಚರ್ಮ ದಪ್ಪವಾಗುತ್ತದೆ, ಕೀಲು ಹಾಳಾಗುತ್ತದೆ. ಮರಳು ಗುದ್ದಿದಷ್ಟೂ ಕೆಳಗಿಳಿದು ಮೂಟೆಯ ತಳ ಕಲ್ಲಿನಂತಾಗುತ್ತದೆ, ಮೇಲ್ಭಾಗ ಜೋತುಬೀಳುತ್ತದೆ. ಹಳೆ ಬಟ್ಟೆ, ಟೈಲರ್ ಅಂಗಡಿಯ ಚಿಂದಿ ತಂದು ಗುಂಡಿ, ಜಿಪ್ ಕಿತ್ತುಹಾಕಿ, ಒಂದು ಗೇಣು ತುಂಬಿದಾಗಲೆಲ್ಲ ಕಾಲಲ್ಲಿ ತುಳಿದು ಗಿಡಿಯಿರಿ. ನಿಮ್ಮ ತೂಕದ ಅರ್ಧದಷ್ಟಿದ್ದರೆ ಸರಿ: 60 ಕೆ.ಜಿ. ಇದ್ದರೆ 30.

ಹ್ಯಾಂಡ್‌ರ್‍ಯಾಪ್ (ಗ್ಲೌಸಿನೊಳಗೆ ಕೈಗೆ ಸುತ್ತುವ ಬಟ್ಟೆಪಟ್ಟಿ) ನಾಲ್ಕೂವರೆ ಮೀಟರಿನದು ಕೊಳ್ಳಿ. ಕುಣಿಕೆಗೆ ಹೆಬ್ಬೆರಳು ತೂರಿಸಿ, ಕೈ ಹಿಂಭಾಗದಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು, ಬೆರಳು ಅಗಲಿಸಿ ಗೆಣ್ಣಿಗೆ ಮೂರು ಸುತ್ತು, ಆಮೇಲೆ ಕಿರುಬೆರಳಿನ ಸಂದಿಯಿಂದ ಶುರುಮಾಡಿ ಮೂರೂ ಸಂದಿಗಳಲ್ಲಿ ಹಾಯಿಸಿ, ಉಳಿದದ್ದನ್ನು ಮತ್ತೆ ಗೆಣ್ಣಿಗೂ ಮಣಿಕಟ್ಟಿಗೂ. ಬೆರಳು ಮುದುರಿಸಿಕೊಂಡೇ ಸುತ್ತಿದರೆ ಮುಷ್ಟಿ ಕಟ್ಟಿದಾಗ ಬಿಗಿಯಾಗಿ ಜುಮ್ಮೆನ್ನುತ್ತದೆ. ಹಾಗಾದರೆ ಬಿಚ್ಚಿ ಹೊಸದಾಗಿ ಸುತ್ತಿ. ಮೇಲೆ 12 ಅಥವಾ 14 ಔನ್ಸಿನ ಗ್ಲೌಸ್. ಶುರುವಿಗೆ ಎರಡೆರಡು ನಿಮಿಷದ ಮೂರು ರೌಂಡು, ನಡುವೆ ಒಂದು ನಿಮಿಷ ವಿಶ್ರಾಂತಿ.

ಪ್ರಶ್ನೆ: ಹೆಡ್‌ಗಾರ್ಡ್ ಹಾಕಿದರೆ ತಲೆಗೆ ಏನೂ ಆಗಲ್ಲ ಅಲ್ವಾ?
– ಓದುಗ, ಮುಳಬಾಗಿಲು

ಉತ್ತರ: ಹುಬ್ಬು ಹರಿಯುವುದು, ತಲೆಗೆ ತಲೆ ಡಿಕ್ಕಿಯಾಗಿ ಗಾಯವಾಗುವುದು ಕಡಿಮೆಯಾಗುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದು ತಪ್ಪುವುದಿಲ್ಲ. ಹಿರಿಯ ಪುರುಷರ ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲಿ ಹೆಡ್‌ಗಾರ್ಡ್ ತೆಗೆದೇಬಿಟ್ಟರು. ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಹಾಕಿಕೊಳ್ಳಿ, ಆದರೆ ಅದು ತಲೆಮೇಲಿದೆ ಎಂದು ಗಾರ್ಡ್ ಇಳಿಸಬೇಡಿ.