ಓದುಗರ ಪ್ರಶ್ನೆ: ಆಕಳ ಒದೆತ, ಮಗುವಿನ ಹಟ, ಮಂಗಗಳ ಧೈರ್ಯ

ಪ್ರಶ್ನೆ: ನಮ್ಮ ಆಕಳು ಇಷ್ಟು ವರ್ಷ ಅತ್ತೆಯವರ ಕೈಗೆ ಹಾಲು ಕೊಡುತ್ತಿತ್ತು. ಅವರಿಗೆ ಮಂಡಿನೋವು ಬಂದದ್ದರಿಂದ ಈಗ ನಾನೇ ಕರೆಯಬೇಕಾಗಿದೆ. ನಾನು ಕೂತರೆ ಒದೆಯುತ್ತದೆ, ಅರ್ಧ ಹಾಲು ಏರಿಸಿಕೊಳ್ಳುತ್ತದೆ. ಏನು ಮಾಡಲಿ?
(ಗೃಹಿಣಿ, ಸಿದ್ದಾಪುರ ತಾಲೂಕು)

ಉತ್ತರ: ಮೊದಲು ಕೆಚ್ಚಲು ನೋಡಿ. ತೊಟ್ಟು ಒಡೆದಿದ್ದರೆ, ಕೆಚ್ಚಲು ಬಿಸಿಯಾಗಿ ಗಡಸಾಗಿದ್ದರೆ, ಮೊದಲ ಹಾಲಿನಲ್ಲಿ ಗರಣೆ ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಅತ್ತೆಯವರು ಕೂತಾಗ ಸುಮ್ಮನೆ ನಿಲ್ಲುತ್ತದೆ ಎಂದಾದರೆ ನೋವಿನ ಅನುಮಾನ ಕಡಿಮೆ.

ಆಕಳು ಬೇಕೆಂದೇ ಹಾಲು ಬಚ್ಚಿಡುವುದಿಲ್ಲ. ತೊಟ್ಟು ಮುಟ್ಟಿದ ಸುದ್ದಿ ಮಿದುಳಿಗೆ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲಿನೊಳಗಿನ ಸಣ್ಣ ಹಾಲಿನ ಚೀಲಗಳನ್ನು ಹಿಂಡಿದಾಗಲೇ ಸೊರೆ ಬಿಡುವುದು, ಅಂದರೆ ಹಾಲು ತೊಟ್ಟಿಗೆ ಇಳಿಯುವುದು. ಇದಕ್ಕೆ ಸುಮಾರು 1 ನಿಮಿಷ ಬೇಕು, ಪರಿಣಾಮ ಇರುವುದು 5ರಿಂದ 8 ನಿಮಿಷ. ಅಕ್ಕಚ್ಚಿನ ಬಕೆಟ್ಟಿನ ಸದ್ದು, ಅತ್ತೆಯವರ ದನಿ, ಹಿಂದೆಯೇ ಹಾಲು ಕರೆಯುವುದು, ಹೀಗೆ ದಿನವೂ ನಡೆದರೆ ಬರಬರುತ್ತ ಬಕೆಟ್ ಸದ್ದಾದರೇ ಸೊರೆ ಬಿಡುತ್ತದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳಲ್ಲಿ ತೋರಿಸಿದ್ದು ಇದೇ. ಆಹಾರ ಕೊಡುವ ಮೊದಲು ಪ್ರತಿಸಲವೂ ಮೆಟ್ರೊನೋಮ್ ಎಂಬ ತಾಳದ ಯಂತ್ರದ ಬಡಿತ ಕೇಳಿಸಿದ್ದರಿಂದ ಬರೀ ಬಡಿತಕ್ಕೇ ಜೊಲ್ಲು ಸುರಿಯತೊಡಗಿತು. ಇದಕ್ಕೆ ಅನುಬಂಧನ ಎನ್ನುತ್ತಾರೆ. ನಿಮ್ಮ ಕೈಗೆ ಆ ನಂಟು ಇನ್ನೂ ಬೆಳೆದಿಲ್ಲ. ಜೊತೆಗೆ, ಹೆದರಿದ ಆಕಳ ಮೈಯಲ್ಲಿ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಏರಿ ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡ ಬರುತ್ತದೆ.

ಇನ್ನೊಂದು ವಾರ ಅತ್ತೆಯವರು ಎತ್ತರದ ಸ್ಟೂಲಿನ ಮೇಲೆ ಕೂತಾದರೂ ಕರೆಯಲಿ. ಮೊದಲ 4 ದಿನ ನೀವು ಹಿಂಡಿ, ಅಕ್ಕಚ್ಚು ಕೊಟ್ಟು ಗಂಗೆದೊಗಲು ತುರಿಸುತ್ತ ನಿಲ್ಲಿ. ಆಮೇಲೆ 3 ದಿನ ಕೆಚ್ಚಲು ತೊಳೆಯುವ ಕೆಲಸವೂ ನಿಮ್ಮದೇ ಇರಲಿ: ಉಗುರುಬೆಚ್ಚಗಿನ ನೀರು, ಒಣಬಟ್ಟೆಯಿಂದ ಒರೆಸುವುದು. ಮುಂದೆ ಅತ್ತೆಯವರು ಶುರುಮಾಡಿ, ಸೊರೆ ಬಿಟ್ಟ ಮೇಲೆ ಕೈ ಬದಲಿಸಿ. ಹೊತ್ತು, ಜಾಗ, ಕ್ರಮ ಬದಲಾಗಬಾರದು. ಒರೆಸಿ 1 ನಿಮಿಷದೊಳಗೆ ಶುರುಮಾಡಿ 7 ನಿಮಿಷದಲ್ಲಿ ಮುಗಿಸಿ. ನಡುವೆ ಫೋನ್ ಬಂತೆಂದು ಎದ್ದರೆ ಉಳಿದ ಹಾಲು ಇಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಒದ್ದ ಹೊತ್ತಿನಲ್ಲಿ. ಒದ್ದ ಕೂಡಲೇ ನೀವು ಎದ್ದುಹೋದರೆ, ಒದ್ದರೆ ಕೈ ದೂರವಾಗುತ್ತದೆ ಎಂದು ಆಕಳು ಕಲಿಯುತ್ತದೆ. ಹೊಡೆದರೆ ನಿಮ್ಮ ದನಿಯೇ ಭಯದ ಗುರುತಾಗುತ್ತದೆ. ಪಾತ್ರೆ ಬದಿಗೆ ಸರಿಸಿ, ತಲೆ ದೂರವಿಟ್ಟುಕೊಂಡು, ಅಂಗೈಯನ್ನು ಅದರ ತೊಡೆಯ ಮೇಲೆ ಊರಿ. ಕಾಲು ನೆಲಕ್ಕೂರಿ ಸುಮ್ಮನಾದ ಮೇಲಷ್ಟೇ ಕೈ ತೆಗೆಯಿರಿ. ಆಕ್ಸಿಟೋಸಿನ್ ಚುಚ್ಚಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ.

ಪ್ರಶ್ನೆ: ಮೂರು ವರ್ಷದ ಮಗ ಮೊಬೈಲ್ ಕೊಡದೆ ಊಟ ಮಾಡುವುದಿಲ್ಲ. ನಿಲ್ಲಿಸಿ ನೋಡಿದೆವು, ಮೂರನೇ ದಿನಕ್ಕೆ ಅಳು ಇನ್ನೂ ಜೋರಾಯಿತು. ಅಜ್ಜಿ ಕನಿಕರಪಟ್ಟು ಕೊಟ್ಟುಬಿಟ್ಟರು.
(ತಂದೆ, ಕಾರವಾರ)

ಉತ್ತರ: ಅಳು ಜೋರಾದಾಗ ನಿಮ್ಮ ದಾರಿ ಸರಿಯಾಗಿಯೇ ಇತ್ತು. ಸಿಗುತ್ತಿದ್ದುದು ತಟ್ಟನೆ ನಿಂತರೆ ಹಳೆಯ ವರ್ತನೆ ಆರುವ ಮುಂಚೆ ಒಮ್ಮೆ ಏರುವುದುಂಟು. ಆ ಏರಿನಲ್ಲೇ ಮೊಬೈಲ್ ಸಿಕ್ಕಿದ್ದರಿಂದ, ಇಷ್ಟು ಜೋರಾಗಿ ಅಳಬೇಕು ಎಂಬುದು ಮಗುವಿಗೆ ಪಾಠವಾಯಿತು. ಪ್ರತಿಸಲ ಸಿಗುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಗುವುದರಿಂದ ಹಟ ಗಟ್ಟಿಯಾಗುತ್ತದೆ, ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಇದನ್ನು ವಿವರವಾಗಿ ತೋರಿಸಿದ್ದರು.

ಅಜ್ಜಿಯನ್ನು ಬೈಯಬೇಡಿ, ಮೊದಲೇ ಕೂರಿಸಿಕೊಂಡು ಮಾತಾಡಿ ಒಪ್ಪಿಸಿ. ಹಬ್ಬ, ನೆಂಟರು, ಜ್ವರ ಇಲ್ಲದ ವಾರ ಆರಿಸಿಕೊಳ್ಳಿ. ಊಟಕ್ಕೆ 2 ತಾಸು ಮೊದಲಿನಿಂದ ಹಾಲು, ಬಿಸ್ಕೆಟ್ ಬೇಡ. ಮನೆಮಂದಿಯ ಫೋನುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಇದು ಮುಖ್ಯ, ಏಕೆಂದರೆ ಮಕ್ಕಳು ನೋಡಿಯೇ ಕಲಿಯುತ್ತಾರೆ. 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಬಡಿಯುವುದನ್ನು ಕಂಡ ಮಕ್ಕಳು ಯಾವ ಬಹುಮಾನವೂ ಇಲ್ಲದೆ ಹಾಗೆಯೇ ಬಡಿದರು. ತಟ್ಟೆಗೆ ನಾಲ್ಕು ತುತ್ತಷ್ಟೇ ಬಡಿಸಿ, ತಿಂದಾಗ ಮಾತಾಡಿಸಿ. 25 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ, ಗದರದೆ. ಕೆಲವು ವಾರ ಬಿಟ್ಟು ಹಟ ಮತ್ತೆ ತಲೆಯೆತ್ತಬಹುದು, ಆಗಲೂ ಇದೇ ಕ್ರಮ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಮ್ಮೆ ಬಂಗಡೆ ಸಾರು ತಿಂದ ರಾತ್ರಿ ವಾಂತಿಯಾಯಿತು. ಅಂದಿನಿಂದ ವಾಸನೆಯೇ ಆಗದು. ಒಂದೇ ಸಲಕ್ಕೆ ಹೀಗಾಗುತ್ತದೆಯೇ?
(ಓದುಗ, ಹೊನ್ನಾವರ)

ಉತ್ತರ: ಆಗುತ್ತದೆ. ರುಚಿ ಮತ್ತು ಹೊಟ್ಟೆ ತೊಳಸುವಿಕೆಯ ನಂಟು ಒಂದೇ ಸಲಕ್ಕೆ, ನಡುವೆ ಗಂಟೆಗಳು ಕಳೆದಿದ್ದರೂ ಬೆಳೆಯಬಲ್ಲದು. ಸಂಶೋಧಕರಾದ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ 1966ರಲ್ಲಿ ಇಲಿಗಳಲ್ಲಿ ಕಂಡಂತೆ, ಹೊಟ್ಟೆ ಕೆಟ್ಟಾಗ ಇಲಿ ದೂರಿದ್ದು ರುಚಿಯನ್ನು. ಜೊತೆಗಿದ್ದ ಬೆಳಕು, ಸದ್ದನ್ನಲ್ಲ. ನಿಮ್ಮ ವಾಂತಿಗೆ ಬಂಗಡೆಯೇ ಕಾರಣವಾಗಿರಬೇಕೆಂದೂ ಇಲ್ಲ. ಆದರೆ ಆ ದಿನ ಮುಖ ಕೆಂಪಾಗಿ ಮೈ ತುರಿಸಿದ್ದರೆ ಅದು ಕೆಟ್ಟ ಮೀನಿನಲ್ಲಿ ಸೇರುವ ಹಿಸ್ಟಮಿನ್ ಎಂಬ ರಾಸಾಯನಿಕದ ಪರಿಣಾಮ ಅಥವಾ ಅಲರ್ಜಿ ಇರಬಹುದು, ಮತ್ತೆ ತಿನ್ನುವ ಮುಂಚೆ ವೈದ್ಯರನ್ನು ಕೇಳಿ. ಹಾಗಿಲ್ಲದಿದ್ದರೆ ತಾಜಾ ಮೀನನ್ನು ಬೇರೆ ಮಸಾಲೆಯಲ್ಲಿ ಹುರಿದು, ಹಸಿದಾಗ ಒಂದು ಚೂರಿನಿಂದ ಶುರುಮಾಡಿ.

ಪ್ರಶ್ನೆ: ಬೆರ್ಚಪ್ಪ, ಗರ್ನಾಲು ಯಾವುದಕ್ಕೂ ಮಂಗಗಳು ಜಗ್ಗುತ್ತಿಲ್ಲ. ಮರಿಗಳಿಗೂ ಹೆದರಿಕೆಯಿಲ್ಲ.
(ಅಡಿಕೆ ಬೆಳೆಗಾರ, ಶಿರಸಿ)

ಉತ್ತರ: ಸದ್ದಿನ ಹಿಂದೆ ಏನೂ ಆಗದಿದ್ದರೆ ಯಾವ ಪ್ರಾಣಿಯೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಗಂಟೆಗೊಮ್ಮೆ ಗರ್ನಾಲು ಹೊಡೆಯುವವರ ತೋಟದಲ್ಲಿ ಇದು ಇನ್ನೂ ಬೇಗ. ಮರಿಗಳು ತಾಯಿಯ ಮುಖ ನೋಡಿ ಭಯ ಕಲಿಯುತ್ತವೆ. 1980ರ ದಶಕದಲ್ಲಿ ಮನೋವಿಜ್ಞಾನಿಗಳಾದ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್, ಪ್ರಯೋಗಾಲಯದಲ್ಲೇ ಬೆಳೆದು ಹಾವಿಗೆ ಹೆದರದಿದ್ದ ಮಂಗಗಳಿಗೆ, ಹಾವು ಕಂಡು ಬೆದರುವ ಕಾಡುಮಂಗವನ್ನು ತೋರಿಸಿದರು. ನೋಡಿದವೂ ಹೆದರತೊಡಗಿದವು. ಹೂವಿಗೆ ಮಂಗ ಬೆದರಿದಂತೆ ಕಾಣುವ ವಿಡಿಯೊ ತೋರಿಸಿದಾಗ ಹೂವಿನ ಭಯ ಹುಟ್ಟಲಿಲ್ಲ. ನಿಮ್ಮ ತೋಟದಲ್ಲಿ ತಾಯಿ ಬೆರ್ಚಪ್ಪನ ಪಕ್ಕ ಕೂತು ಬಾಳೆಹಣ್ಣು ಸುಲಿಯುವುದನ್ನು ಮರಿ ದಿನವೂ ನೋಡುತ್ತಿದೆ.

ಬೆರ್ಚಪ್ಪನನ್ನು ಬಾಳೆಗೊನೆ ಬಲಿಯುವ ಕಾಲಕ್ಕಷ್ಟೇ ನಿಲ್ಲಿಸಿ, 2 ದಿನಕ್ಕೊಮ್ಮೆ ಜಾಗ ಬದಲಿಸಿ. ಅದಕ್ಕೆ ತೊಡಿಸಿದ ಅಂಗಿಯಂಥದ್ದನ್ನೇ ಹಾಕಿಕೊಂಡು ಒಬ್ಬರು ಆಗಾಗ ನಿಜವಾಗಿಯೂ ಅಟ್ಟಬೇಕು. ಸದ್ದು ಮಾಡುವುದು ಹಿಂಡು ಬೇಲಿ ದಾಟುವ ಹೊತ್ತಿನಲ್ಲಿ ಮಾತ್ರ. ಬೆಟ್ಟದ ಕಡೆ ದಾರಿ ತೆರೆದಿಟ್ಟು, ತೋಟ ದಾಟುವವರೆಗೂ ಅಟ್ಟಿ. ನಡುವೆ ಬಿಟ್ಟರೆ ಮರದ ಮೇಲೆ ಕಾದು ಮತ್ತೆ ಇಳಿಯುತ್ತವೆ. ಗೊನೆಯನ್ನು ಗಿಡದಲ್ಲೇ ಹಣ್ಣಾಗಲು ಬಿಡಬೇಡಿ. ಪೂರ್ತಿ ತಡೆಯುವ ಉಪಾಯವಿಲ್ಲ, ನಷ್ಟ ಇಳಿಸಬಹುದು. ದೇವಿಮನೆ ಘಟ್ಟದಂಥ ಕಡೆ ಕಾರು ನಿಲ್ಲಿಸಿ ಬಿಸ್ಕೆಟ್ ಎಸೆಯುವವರು ಮನುಷ್ಯ ಎಂದರೆ ತಿಂಡಿ ಎಂದು ಕಲಿಸುತ್ತಿದ್ದಾರೆ. ಅದನ್ನು ನಿಲ್ಲಿಸಲು ಪಂಚಾಯಿತಿಯಲ್ಲಿ ಕೇಳಲೇಬೇಕು.

ತೋಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.