ಓದುಗರ ಪ್ರಶ್ನೆ: ಅಣ್ಣನ ಟ್ರಂಕಿನಲ್ಲಿ ಕನ್ನಡ ಸಂಘ

ಪ್ರಶ್ನೆ: ನನ್ನ ಅಣ್ಣ 1970ರ ದಶಕದಲ್ಲಿ ನಮ್ಮ ಕಡೆಯ ಒಂದು ಕಾಲೇಜಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿಯಾಗಿದ್ದ. ಹೋದ ವರ್ಷ ತೀರಿಕೊಂಡ. ಅಟ್ಟದಿಂದ ಅವನ ಟ್ರಂಕು ಇಳಿಸಿದರೆ ಒಳಗೆ ಸಂಘದ ನಡಾವಳಿ ಪುಸ್ತಕ, ಕೈಬರಹದ ಪತ್ರಿಕೆಯ ಮೂರು ಸಂಚಿಕೆ, ಸೈಕ್ಲೋಸ್ಟೈಲ್ ಕರಪತ್ರ, ರಶೀದಿ ಕಟ್ಟು, ಕೆಲವು ಫೋಟೊ. ವಿಶ್ವವಿದ್ಯಾಲಯಕ್ಕೆ ಕೊಡೋಣವೆಂದರೆ ನನ್ನ ಮಗ ‘ಲ್ಯಾಮಿನೇಟ್ ಮಾಡಿಸಿ ಕೊಡಿ’ ಅನ್ನುತ್ತಾನೆ. ಇನ್ನೊಂದು ಸಂಕಟವೂ ಇದೆ. ನಡಾವಳಿಯ ಒಂದು ಪುಟದಲ್ಲಿ, ವಾರ್ಷಿಕೋತ್ಸವದ ಲೆಕ್ಕದ 43 ರೂಪಾಯಿ ಅಣ್ಣನ ಕೈಯಲ್ಲೇ ಉಳಿದಿದೆ ಎಂದು ಬರೆದಿದ್ದಾರೆ. ಆ ಪುಟ ತೆಗೆದು ಕೊಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಲ್ಯಾಮಿನೇಶನ್ ಬೇಡ. ಮಗ ಅಂಗಡಿಗೆ ಹೊರಡುವ ಮುಂಚೆ ಇದನ್ನು ಹೇಳಿಬಿಡಿ. ಬಿಸಿಯಲ್ಲಿ ಪ್ಲಾಸ್ಟಿಕ್ ಅಂಟಿಸಿದ ಕಾಗದವನ್ನು ಮತ್ತೆ ಬಿಡಿಸಲಾಗದು. ಹರಿದಲ್ಲಿ ಸೆಲ್ಲೋಟೇಪೂ ಬೇಡ. ನಾಲ್ಕು ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರದ ಮೇಲೇ ಕೂರುತ್ತದೆ.

ಈಗ ಆ ಪುಟದ ವಿಷಯ. ತೆಗೆಯಬೇಡಿ. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ತೆಗೆಯಬೇಡಿ. ರಶೀದಿ ಕಟ್ಟನ್ನು ಒಮ್ಮೆ ಬಿಡಿಸಿ ನೋಡಿದ್ದೀರಾ? ಮೈಕಿನವನಿಗೋ ಬ್ಯಾನರ್ ಬಟ್ಟೆಗೋ ಅಣ್ಣ ಕೊಟ್ಟ ದುಡ್ಡಿನ ಚೀಟಿ ಅದರಲ್ಲೇ ಇರಬಹುದು. ಪುಟ ಹೋದರೆ ಆ ಚೀಟಿಗೂ ಅರ್ಥ ಹೋಯಿತು. ಚೀಟಿ ಇಲ್ಲದೆಯೂ ಇರಬಹುದು, ಅದೂ ನಿಜ. ಇಪ್ಪತ್ತು ವರ್ಷದ ಹುಡುಗರು 43 ರೂಪಾಯಿಗೆ ಸಭೆ ಕರೆದು ಜಗಳಾಡಿ, ಆ ಜಗಳವನ್ನು ಶಿಸ್ತಾಗಿ ಬರೆದಿಟ್ಟಿದ್ದಾರಲ್ಲ, ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

ನಿಮಗೆ ಬೇರೆ ದಾರಿ ಇದೆ. ಕೊಡುವಾಗ ಒಂದು ದಾನಪತ್ರ ಬರೆಯಿರಿ. ಏನೇನು ಕೊಟ್ಟಿದ್ದೀರಿ, ಯಾರು ನೋಡಬಹುದು, ಸ್ಕ್ಯಾನ್ ಮಾಡಬಹುದೇ ಎಂಬುದೆಲ್ಲ ಅದರಲ್ಲಿರಲಿ. ‘ನಡಾವಳಿ ಪುಸ್ತಕವನ್ನು ಇಂಥ ವರ್ಷದವರೆಗೆ ಓದಲು ಕೊಡಬಾರದು’ ಎಂಬ ಷರತ್ತನ್ನೂ ಹಾಕಬಹುದು. ಕೈಬರಹದ ಪತ್ರಿಕೆಯ ಕವಿತೆ, ಕತೆಗಳ ಹಕ್ಕು ಮಾತ್ರ ಟ್ರಂಕಿನ ಜೊತೆಗೆ ನಿಮಗೆ ಬಂದಿಲ್ಲ. ಅದು ಬರೆದವರದು, ಅವರ ಜೀವಿತಾವಧಿ, ಆಮೇಲೆ 60 ವರ್ಷ. ಅಂತರ್ಜಾಲಕ್ಕೆ ಏರಿಸುವ ಮೊದಲು ಆ ಗೆಳೆಯರನ್ನು ಹುಡುಕಿ ಕೇಳಬೇಕು.

ಎಲ್ಲಿಗೆ ಕೊಡುವುದು? ನಮ್ಮ ಕಾಸರಗೋಡು ಕಡೆಯ ಕಾಲೇಜುಗಳ ಜಾತಕವೇ ವಿಚಿತ್ರ. 1956ರ ನವೆಂಬರ್ 1ರವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕೇರಳಕ್ಕೆ ಸೇರಿದ ಮೇಲೆ ತಿರುವನಂತಪುರ, 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ, 1996ರಲ್ಲಿ ಕಣ್ಣೂರು. ಕಾಲೇಜು ಇದ್ದಲ್ಲೇ ಇತ್ತು, ಕಾಗದ ಹೋಗುವ ದಿಕ್ಕು ಬದಲಾಗುತ್ತಾ ಬಂತು. ಆ ಕಾಗದವೂ ಪರೀಕ್ಷೆ, ಶುಲ್ಕ, ನೇಮಕಾತಿಯದು. ಹುಡುಗರ ಸಂಘದ ನಡಾವಳಿ ಯಾವ ಕಚೇರಿಯ ದಾಖಲೆಯೂ ಅಲ್ಲ. ಯಾರಾದರೂ ತಂದು ಕೊಟ್ಟರಷ್ಟೇ ಅಲ್ಲಿಗೆ ಸೇರುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಹೇಳಿದ, ರಾಜ್ಯಗಳ ಗಡಿ ವಿವಾದದ ಮಹಾಜನ ಆಯೋಗದ ವರದಿ ಎಲ್ಲಾದರೂ ಸಿಗುತ್ತದೆ. ಆ ಮಾತು ತಣ್ಣಗಾದ ವರ್ಷಗಳಲ್ಲಿ ನಿಮ್ಮ ಅಣ್ಣ ಮತ್ತು ಗೆಳೆಯರು ಏನು ಮಾತಾಡಿಕೊಂಡರು ಎಂಬುದು ಆ ಟ್ರಂಕಿನಲ್ಲಿದ್ದರೆ ಉಂಟು.

ಹಾಗಾಗಿ ದೊಡ್ಡ ಹೆಸರು ನೋಡಿ ಕೊಡಬೇಡಿ. ಕನ್ನಡ ಓದಬಲ್ಲವರು ಪಟ್ಟಿ ಮಾಡುವ ಕಡೆ ಕೊಡಿ. ನಮ್ಮ ಸಾಮಗ್ರಿ ಕಳೆದುಹೋಗುವುದು ಒರಲೆಯಿಂದ ಮಾತ್ರವಲ್ಲ, ಪಟ್ಟಿಯಿಂದಲೂ. ‘ಪ್ರಾದೇಶಿಕ ಭಾಷೆ, ಇತರೆ, ಒಂದು ಪೆಟ್ಟಿಗೆ’ ಎಂದು ಬರೆದಿಟ್ಟರೆ ಕತೆ ಮುಗಿಯಿತು. ಊರಿನ ಹೆಸರನ್ನು ಕುಂಬಳೆಯೆಂದು ಹುಡುಕುವವನಿಗೆ ಮಲಯಾಳದ ಕುಂಬಳ ಸಿಗುವುದಿಲ್ಲ. ಎರಡೂ ರೂಪ ಇರುವ ಪಟ್ಟಿಯನ್ನು ನೀವೇ ಮಾಡಿ ಪೆಟ್ಟಿಗೆಯೊಳಗೆ ಇಡಿ.

ಕೊಡುವ ಮೊದಲಿನ ಕೆಲಸ ಸ್ವಲ್ಪ. ಟ್ರಂಕನ್ನು ಆಟಿಯ ಮಳೆಯಲ್ಲಿ ಬಿಚ್ಚಬೇಡಿ, ದೀಪಾವಳಿ ಕಳೆಯಲಿ. ಬೂಷ್ಟು ಹಿಡಿದಿದ್ದರೆ ಬಿಸಿಲಿಗಲ್ಲ, ನೆರಳಿನ ಗಾಳಿಗೆ ಹರಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತಗಿನ ಬ್ರಷ್ಷಿನಿಂದ ಒರೆಸಿ. ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಿರಿ, ಆದರೆ ಕಾಗದಗಳ ಕ್ರಮ ಕೆಡಿಸಬೇಡಿ. ಅಣ್ಣ ಯಾವುದರ ಜೊತೆ ಯಾವುದನ್ನು ಇಟ್ಟಿದ್ದ ಎಂಬುದೂ ಒಂದು ಮಾಹಿತಿ. ಫೋಟೊ ಹಿಂದೆ ಪೆನ್ಸಿಲಿನಲ್ಲಿ, ಎಡದಿಂದ ಬಲಕ್ಕೆ ಹೆಸರು. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಕ್ಕೇ ಮೂಡುತ್ತದೆ. ಹೆಸರು ಹೇಳಬಲ್ಲ ಗೆಳೆಯರು ಈಗ ಎಪ್ಪತ್ತು ದಾಟಿದವರು, ಈ ಒಂದು ಕೆಲಸಕ್ಕೆ ದೀಪಾವಳಿವರೆಗೆ ಕಾಯಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಕೆಲಸ ಮಾಡುತ್ತಿದ್ದ ಒಂದು ಗ್ರಂಥಾಲಯದಲ್ಲಿ, ಸುಣ್ಣ ಬಳಿಯುವ ಮುಂಚೆ, ವಿದ್ಯಾರ್ಥಿ ಸಂಘದ ಹಳೆಯ ಕಟ್ಟುಗಳನ್ನು ಗುಜರಿಗೆ ತೂಗಿದರು. ತೂಕದ ಚೀಟಿಗೆ ಸಹಿ ಹಾಕಿದವನು ನಾನೇ. ಕೆಲವು ವರ್ಷದ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಅವನ್ನೇ ಕೇಳಿಕೊಂಡು ಬಂದಳು. ಆಗ ಅವಳಿಗೆ ತೋರಿಸಲು ನನ್ನ ಫೈಲಿನಲ್ಲಿ ಇದ್ದದ್ದು ಆ ಚೀಟಿ ಒಂದೇ.

ಪ್ರಶ್ನೆ: ನಮ್ಮ ಸಂಘದ್ದೆಲ್ಲ ವಾಟ್ಸಾಪಿನಲ್ಲೇ ಇದೆ. ಅದನ್ನು ಉಳಿಸುವುದು ಹೇಗೆ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನಿಮ್ಮದು ಅಣ್ಣನ ಟ್ರಂಕಿಗಿಂತ ಬೇಗ ಹಾಳಾಗುವ ಸರಕು. ಫೋನು ನೀರಿಗೆ ಬಿದ್ದರೆ ಮುಗಿಯಿತು. ಪೋಸ್ಟರ್, ಫೋಟೊಗಳನ್ನು ಮಾಮೂಲಿನಂತೆ ಕಳಿಸಿದರೆ ವಾಟ್ಸಾಪು ಅವನ್ನು ಕುಗ್ಗಿಸುತ್ತದೆ. ತೆಗೆದವರ ಹತ್ತಿರ ಮೂಲ ಚಿತ್ರವನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗುಂಪಿನ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಬಹುದು, ಆದರೆ ಅದರಲ್ಲಿ ಎಲ್ಲರ ಹೆಸರೋ ಫೋನ್ ನಂಬರೋ, ಜೊತೆಗೆ ಮನೆ ಮಾತೂ ಇರುತ್ತದೆ. ಗುಂಪಿನವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬೇಡಿ. ಮುಖ್ಯ ತೀರ್ಮಾನಗಳನ್ನು ತಿಂಗಳಿಗೊಮ್ಮೆ ಒಂದು ನೋಟ್‌ಬುಕ್ಕಿಗೆ ಬರೆದು, ಇಬ್ಬರು ಸಹಿ ಹಾಕಿ. ಖರ್ಚಿನ ಲೆಕ್ಕವನ್ನೂ ಬರೆಯಿರಿ, ಚಿಲ್ಲರೆ ಸಮೇತ.