ಹೆಸರಿಲ್ಲದ ಕ್ಲಬ್ಬುಗಳಿಗೆ ಇಷ್ಟು ಪುಟ ಯಾಕೆ?

ಪತ್ರ: “ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ನಾನ್-ಲೀಗ್, ಅಂದರೆ ಮೇಲಿನ ನಾಲ್ಕು ದರ್ಜೆಗಳಿಗೂ ಕೆಳಗಿನ, ಫುಟ್‌ಬಾಲ್ ಕ್ಲಬ್ಬುಗಳ ಚರಿತ್ರೆ ಅಂತ ಪುಟಗಟ್ಟಲೆ ಹಾಕಿದ್ದೀರಿ. ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಫುಟ್‌ಬಾಲ್ ಬಗ್ಗೆ ಎಷ್ಟು ಬರೆದರೂ ಓದುತ್ತೇನೆ. ಆದರೆ ಯಾರೂ ಕೇಳದ ಊರಿನ, ಯಾರೂ ನೋಡದ ತಂಡದ ಕತೆ ನಮಗೇಕೆ? ಊರಿನವರು ತಮ್ಮನ್ನು ತಾವೇ ಹೊಗಳಿಕೊಂಡು ಬರೆದದ್ದನ್ನು ಇತಿಹಾಸ ಎನ್ನಬೇಡಿ.”
— ಒಬ್ಬ ಓದುಗರು, ಫ್ರೇಜರ್ ಟೌನ್, ಬೆಂಗಳೂರು

ಉತ್ತರ: ನೀವು ಯುನೈಟೆಡ್ ಅಭಿಮಾನಿ ಎಂದದ್ದು ಒಳ್ಳೆಯದೇ ಆಯಿತು, ಅಲ್ಲಿಂದಲೇ ಶುರು ಮಾಡುತ್ತೇನೆ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ನಿಮ್ಮ ತಂಡದ ವಿಮಾನ ಅಪಘಾತಕ್ಕೀಡಾಗಿ ಎಂಟು ಆಟಗಾರರು ತೀರಿಕೊಂಡದ್ದು ನಿಮಗೆ ಗೊತ್ತೇ ಇರುತ್ತದೆ. ಹದಿಮೂರು ದಿನ ಕಳೆದು ಓಲ್ಡ್ ಟ್ರಾಫರ್ಡ್‌ನಲ್ಲಿ ಷೆಫೀಲ್ಡ್ ವೆನ್ಸ್‌ಡೇ ವಿರುದ್ಧ ಪಂದ್ಯವಿತ್ತು. ಅಂದು ಪ್ರೇಕ್ಷಕರಿಗೆ ಮಾರಿದ ಪಂದ್ಯದ ಪುಸ್ತಿಕೆಯಲ್ಲಿ ಯುನೈಟೆಡ್‌ನ ಹನ್ನೊಂದು ಹೆಸರುಗಳ ಜಾಗ ಖಾಲಿ ಇತ್ತು. ಅಚ್ಚಿಗೆ ಹೋಗುವ ಹೊತ್ತಿಗೆ ಯಾರು ಆಡುತ್ತಾರೆಂದೇ ನಿಶ್ಚಯವಾಗಿರಲಿಲ್ಲ. ಆ ದಿನಗಳಲ್ಲಿ ಕೈಹಿಡಿದವರಲ್ಲಿ ಬಿಷಪ್ ಆಕ್ಲೆಂಡ್ ಒಂದು. ಡರ್ಹಮ್‌ನ ಕಲ್ಲಿದ್ದಲು ಸೀಮೆಯ ಪಟ್ಟಣ, ಹವ್ಯಾಸಿಗಳ ಕ್ಲಬ್ಬು. ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರ್ಯಾಡ್ಲಿ, ಈ ಮೂವರನ್ನು ಅದು ಯುನೈಟೆಡ್‌ಗೆ ಕಳಿಸಿಕೊಟ್ಟಿತು. ಹಾರ್ಡಿಸ್ಟಿಗೆ ಆಗ ಮೂವತ್ತೇಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ್ದವರು. ಆ ತಂಡವನ್ನು ನೋಡಿಕೊಂಡಿದ್ದವರು ನಿಮ್ಮ ಯುನೈಟೆಡ್‌ನ ಮ್ಯಾನೇಜರ್ ಮ್ಯಾಟ್ ಬಸ್ಬಿಯೇ. ಈ ಮೂವರೂ ಹೆಚ್ಚಾಗಿ ಆಡಿದ್ದು ಮೀಸಲು ತಂಡದಲ್ಲಿ. ಶಾಲಾ ಮೇಷ್ಟ್ರಾಗಿದ್ದ ಬ್ರ್ಯಾಡ್ಲಿ ಮಾತ್ರ ಮುಂದೆ ಮೊದಲ ತಂಡಕ್ಕೇರಿ, 1959ರಲ್ಲಿ ಇಂಗ್ಲೆಂಡ್ ಪರ ಮೂರು ಪಂದ್ಯ ಆಡಿದರು.

ಯುನೈಟೆಡ್ ಕುರಿತ ಬರಹಗಳಲ್ಲಿ ಈ ಸಂಗತಿಗೆ ಎರಡು ಸಾಲು ಸಿಕ್ಕರೆ ದೊಡ್ಡದು. ಪೂರ್ತಿ ಬೇಕೆಂದರೆ ಬಿಷಪ್ ಆಕ್ಲೆಂಡ್‌ನವರು ಬರೆದಿಟ್ಟದ್ದನ್ನೇ ಓದಬೇಕು.

“ಯಾರೂ ನೋಡದ ತಂಡ” ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 1954ರಲ್ಲಿ ಹವ್ಯಾಸಿಗಳ ಕಪ್ ಫೈನಲ್‌ನಲ್ಲಿ ಇದೇ ಬಿಷಪ್ ಆಕ್ಲೆಂಡ್ ನೆರೆಯೂರಾದ ಕ್ರೂಕ್ ಟೌನ್ ಜೊತೆ ಆಡಿದಾಗ ವೆಂಬ್ಲಿಯಲ್ಲಿ ಒಂದು ಲಕ್ಷ ಜನ ಸೇರಿದ್ದರು. ಪಂದ್ಯ ಸಮವಾಯಿತು. ಮತ್ತೆ ಆಡಿದರೂ ಸಮ. ಮೂರನೇ ಸಲ ಕ್ರೂಕ್ ಗೆದ್ದಿತು. ಆ ಕಪ್ಪನ್ನು ಹತ್ತು ಸಲ ಗೆದ್ದ ಬಿಷಪ್ ಆಕ್ಲೆಂಡ್‌ನ ದಾಖಲೆಯನ್ನು ಇನ್ನು ಯಾರೂ ಮುರಿಯುವಂತಿಲ್ಲ, 1974ಕ್ಕೆ ಆ ಟೂರ್ನಿಯೇ ನಿಂತುಹೋಯಿತು.

ಊರಿನವರು ಬರೆದುಕೊಂಡ ಚರಿತ್ರೆಯಲ್ಲಿ ಹೊಗಳಿಕೆ ಇರುತ್ತದೆ ಎಂಬ ನಿಮ್ಮ ಮಾತು ನಿಜ. ವೆಸ್ಟ್ ಆಕ್ಲೆಂಡ್ ಎಂಬ ಪಕ್ಕದ ಹಳ್ಳಿ ಮೊದಲ ವಿಶ್ವಕಪ್ ಗೆದ್ದದ್ದು ತಾನೇ ಎಂದು ಹೇಳಿಕೊಳ್ಳುತ್ತದೆ. ಆ ಟೂರ್ನಿಗೆ ಕರೆಯಬೇಕಿದ್ದದ್ದು ವೂಲಿಚ್ ಆರ್ಸೆನಲ್ ತಂಡವನ್ನು, ಡಬ್ಲ್ಯೂ.ಎ. ಎಂಬ ಎರಡಕ್ಷರ ನೋಡಿ ತಪ್ಪಿ ಇವರನ್ನು ಕರೆದರು ಎಂಬ ಕತೆಯೂ ಇದೆ, ಅದಕ್ಕೆ ಪುರಾವೆ ಇಲ್ಲ. ಅದನ್ನು ಬದಿಗಿಡಿ. ಉಳಿಯುವುದು ಏನು ನೋಡಿ: ಗಣಿ ಕಾರ್ಮಿಕರ ತಂಡ 1909ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಗೆದ್ದಿತು, ಅವರು ವಿಶ್ವಕಪ್ ಎನ್ನುವುದು ಇದನ್ನೇ. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು 6–1ರಿಂದ ಸೋಲಿಸಿತು. ಪ್ರಯಾಣದ ಖರ್ಚಿಗೆ ಕ್ಲಬ್ಬು ಸಾಲದಲ್ಲಿ ಮುಳುಗಿ, ಗೆದ್ದ ಟ್ರೋಫಿಯನ್ನೇ ಊರಿನ ಹೋಟೆಲಿನ ಯಜಮಾನಿಯ ಬಳಿ 40 ಪೌಂಡಿಗೆ ಒತ್ತೆ ಇಟ್ಟಿತು. ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡ್ ಕೊಟ್ಟು. 1994ರಲ್ಲಿ ಕಳ್ಳರು ಅದನ್ನು ಹೊತ್ತೊಯ್ದರು, ಈಗಿರುವುದು ಅದರ ಪ್ರತಿಕೃತಿ. ಯಾವ ಟೆಲಿವಿಷನ್ ಕಂಪನಿ ಇದನ್ನು ಕಾಪಾಡಿಕೊಂಡು ಬಂತು, ಸ್ವಾಮಿ? ಊರಿನವರೇ ಕಾಪಾಡಿದರು. ಅವರು ಸ್ವಲ್ಪ ಹೊಗಳಿಕೊಂಡರೆ ಹೊಗಳಿಕೊಳ್ಳಲಿ ಬಿಡಿ.

ನನ್ನ ಸಂಕಟ ಬೇರೆಯದು. ಷೆಫೀಲ್ಡ್ ಎಫ್.ಸಿ. 1857ರಲ್ಲಿ ಹುಟ್ಟಿದ್ದು, ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್ಬು. ಅದೂ ನಾನ್-ಲೀಗ್‌ನಲ್ಲೇ ಇದೆ, 2001ರಿಂದ ಊರಾಚೆಯ ಡ್ರಾನ್‌ಫೀಲ್ಡ್‌ನಲ್ಲಿ ಆಡುತ್ತಿದೆ. 2011ರಲ್ಲಿ ಅದು ಹಣ ಹೊಂದಿಸಲು, ಕೈಬರಹದ ಮೊದಲ ನಿಯಮಾವಳಿಯೂ ಸೇರಿದಂತೆ ತನ್ನ ಹಳೆಯ ದಾಖಲೆಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟಿತು. ಬಂದದ್ದು 8,81,250 ಪೌಂಡ್. ಇಂದಿನ ಪ್ರೀಮಿಯರ್ ಲೀಗ್ ತಾರೆಯೊಬ್ಬನ ಕೆಲವು ವಾರಗಳ ಸಂಬಳ ಅದು. ಆಟಕ್ಕೆ ನಿಯಮ ಬರೆದುಕೊಟ್ಟವರು ಆ ನಿಯಮದ ಹಾಳೆಯನ್ನೇ ಮಾರಬೇಕಾಯಿತು, ಆ ಆಟದ ಮೇಲೆ ಕೋಟಿಗಟ್ಟಲೆ ಎಣಿಸುವವರು ಸುಮ್ಮನೆ ನೋಡಿದರು. ಲಂಡನ್ನಿನ ಡಲ್ವಿಚ್ ಹ್ಯಾಮ್ಲೆಟ್ ಪಾಡೂ ಅಷ್ಟೇ: 1893ರ ಕ್ಲಬ್ಬು, 2018ರಲ್ಲಿ ಜಮೀನಿನ ವ್ಯಾಜ್ಯದಿಂದ ತನ್ನ ಮೈದಾನದ ಹೊರಗೇ ನಿಲ್ಲಬೇಕಾಯಿತು. ಸಾಲದ್ದಕ್ಕೆ, ಮೈದಾನದ ಮಾಲೀಕರ ಕಡೆಯವರು ಕ್ಲಬ್ಬಿನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ‘ಈ ಹೆಸರು ಬಳಸಬೇಡಿ’ ಎಂದು ಕ್ಲಬ್ಬಿಗೇ ನೋಟಿಸು ಕೊಟ್ಟರು! ಬೆಂಬಲಿಗರು ಗಲಾಟೆ ಮಾಡಿದ್ದರಿಂದ ಹೆಸರೂ ಉಳಿಯಿತು, ಆ ವರ್ಷದ ಡಿಸೆಂಬರಿಗೆ ಮೈದಾನವೂ ಸಿಕ್ಕಿತು. ನೂರು ಚಿಲ್ಲರೆ ವರ್ಷ ಈ ಹೆಸರು ಯಾರದಾಗಿತ್ತು ಎಂದು ತೋರಿಸಲು ಅವರ ಹತ್ತಿರ ಚರಿತ್ರೆ ಇತ್ತು.

ನಮ್ಮಲ್ಲಿ ಏನಿದೆ? ನೀವಿರುವ ಫ್ರೇಜರ್ ಟೌನ್ ಹಳೆಯ ದಂಡು ಪ್ರದೇಶದ ಬಡಾವಣೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಬಂತು. 1891ರಿಂದ ಬ್ರಿಟಿಷ್ ಪಲ್ಟಣಗಳ ಮನೆಯಲ್ಲೇ ಇದ್ದ ಕಪ್ ಅದು. ಮರುವರ್ಷವೂ ಇವರೇ ಗೆದ್ದರು. 1911ರಲ್ಲಿ ಕಲ್ಕತ್ತದ ಮೋಹನ್ ಬಾಗಾನ್ ತಂಡ ಬಹುಪಾಲು ಬರಿಗಾಲಲ್ಲೇ ಆಡಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ದೇಶಕ್ಕೆಲ್ಲ ಗೊತ್ತು, ಏಕೆಂದರೆ ಕಲ್ಕತ್ತದವರು ಅದನ್ನು ಬರೆದರು, ಹೇಳಿದರು, ಮಕ್ಕಳಿಗೆ ಕಲಿಸಿದರು. ನಮ್ಮವರ ಗೆಲುವು ಬೆಂಗಳೂರಿನವರಿಗೇ ಗೊತ್ತಿಲ್ಲ. ಐಪಿಎಲ್ ಬಂತೆಂದರೆ ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸ್ಥಳೀಯ ಲೀಗ್ ಪಂದ್ಯದ ಫಲಿತಾಂಶಕ್ಕೆ ಒಂದು ಅಂಗುಲ ಜಾಗವೂ ಸಿಗುವುದಿಲ್ಲ. ಇದನ್ನು ನಾನು ವರ್ಷಾನುಗಟ್ಟಲೆ ಹೇಳುತ್ತಲೇ ಬಂದಿದ್ದೇನೆ.

ಫುಟ್‌ಬಾಲ್ ಮೇಲೆ ನಿಮಗಿರುವ ಪ್ರೀತಿ ನಿಮ್ಮ ಪತ್ರದಲ್ಲೇ ಕಾಣುತ್ತದೆ, ಅದಕ್ಕೇ ಒಂದು ಕೆಲಸ ಹಚ್ಚುತ್ತೇನೆ. ನಿಮ್ಮ ಸುತ್ತಮುತ್ತ ಹಳೆಯ ಆಟಗಾರರ ಮನೆಗಳು ಇನ್ನೂ ಇದ್ದಾವು. ಹೋಗಿ ಮಾತಾಡಿಸಿ. ತಂಡದ ಫೋಟೊ ಇದ್ದರೆ ಯಾರು ಯಾರು ನಿಂತಿದ್ದಾರೆಂದು ಮನೆಯ ಹಿರಿಯರಿಂದ ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ನಡಾವಳಿ ಪುಸ್ತಕ, ಪಂದ್ಯದ ಚೀಟಿ, ಪತ್ರಿಕೆಯ ತುಣುಕು, ಏನೇ ಸಿಕ್ಕರೂ ನಕಲು ತೆಗೆಸಿ ನಮಗೆ ಕಳಿಸಿ. ಪುಟ ಎಷ್ಟು ಬೇಕಾದರೂ ಕೊಡುತ್ತೇನೆ.

— ಸಂಪಾದಕ